ನಾಲ್ಕು ಬೆರಳಿನ ಸಂದು

"ಗುರುಗಳೇ, ಕೋಪವನ್ನು ಗೆದ್ದೆ ಅನ್ನಿಸುತ್ತಿದೆ. ಮೂರು ವರ್ಷದಿಂದ ಬೆಟ್ಟದ ಕೋಣೆಯಲ್ಲಿ ಒಬ್ಬನೇ ಇದ್ದೇನೆ, ಒಮ್ಮೆಯೂ ಸಿಟ್ಟು ಬಂದಿಲ್ಲ. ಇನ್ನು ಕೆಳಗಿಳಿದು ಜನರಿಗೆ ಬೋಧನೆ ಮಾಡಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನ ಮುಖ ನೋಡಿದರು. "ಕೂತುಕೋ. ಒಬ್ಬ ಮೆಕ್ಯಾನಿಕ್ಕನ ಕತೆ ಹೇಳುತ್ತೇನೆ. ಹೆಸರು ಮಾತ್ರ ಕೇಳಬೇಡ. ಆಸಾಮಿ ಇನ್ನೂ ಗಟ್ಟಿಮುಟ್ಟಾಗಿದ್ದಾನೆ, ಕೈಯಲ್ಲಿ ಸ್ಪ್ಯಾನರೂ ಇದೆ" ಎಂದು ಶುರು ಮಾಡಿದರು.

ಆ ಮೆಕ್ಯಾನಿಕ್ ಗುಜರಿಗೆ ಬಿದ್ದಿದ್ದ ಮೋಟಾರ್ ಸೈಕಲ್ಲೊಂದನ್ನು ತಂದು, ಆರು ತಿಂಗಳು ಕೂತು, ಒಂದೊಂದೇ ನಟ್ಟು ಬಿಗಿದು ಅದಕ್ಕೆ ಜೀವ ಬರಿಸಿದ. ಹೆಂಡತಿಯ ಅಣ್ಣನ ಊರು ಘಟ್ಟದ ಮೇಲಿತ್ತು. ಬಸ್ಸು ಬುಡದ ತನಕ ಮಾತ್ರ. ಅಲ್ಲಿಂದ ಎಲ್ಲರೂ ನಡೆದೇ ಹತ್ತಬೇಕು. ಆ ಅಣ್ಣ ಗಾಡಿಯನ್ನು ನೋಡಿ, ಈ ಡಬ್ಬ ನಮ್ಮ ಘಾಟಿ ಹತ್ತೀತೇ ಎಂದು ನಕ್ಕಿದ್ದ. ಮೆಕ್ಯಾನಿಕ್ಕನಿಗೆ ಉರಿದುಹೋಯಿತು. ನಿನ್ನ ಗೃಹಪ್ರವೇಶದ ದಿನ ನಿನ್ನ ತಂಗಿಯನ್ನು ಇದರ ಮೇಲೇ ಕೂರಿಸಿಕೊಂಡು ಬಾಗಿಲಿಗೆ ತಂದು ಇಳಿಸುತ್ತೇನೆ ಎಂದು ಹತ್ತು ಜನರ ಮುಂದೆ ಮಾತು ಕೊಟ್ಟ.

ಹೆಂಡತಿ ಸೀರೆ ಉಡುವವಳು. ಎರಡೂ ಕಾಲನ್ನು ಎಡಗಡೆಗೆ ಇಳಿಬಿಟ್ಟು ಅಡ್ಡ ಕೂರುತ್ತಿದ್ದಳು. ಹಾಗೆ ಕೂತವರ ಕಾಲ್ಬೆರಳು ಹೊರಕ್ಕೆ, ಹಿಮ್ಮಡಿ ಗಾಡಿಯ ಕಡೆಗೆ. ಆ ಗಾಡಿಗೋ ಎಡಗಡೆಯಲ್ಲೂ ಒಂದು ಸೈಲೆನ್ಸರ್ ಇತ್ತು, ಕೆಂಡದಂತೆ ಕಾಯುತ್ತಿತ್ತು. ಮೊದಲ ಸವಾರಿಯಲ್ಲೇ ಅವಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು.

ಅವನು ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಏರಿಸಿದ. ಫುಟ್‌ರೆಸ್ಟಿನ ಬೋಲ್ಟು ಸಡಿಲಿಸಿ, ಕೆಳಕ್ಕೆ ಸರಿಸಿ ಬಿಗಿದ. ಸೈಲೆನ್ಸರಿಗೂ ಅವಳು ಕಾಲಿಡುವ ಜಾಗಕ್ಕೂ ನಡುವೆ ಬೆರಳು ಇಟ್ಟು ಅಳೆದ. ನಾಲ್ಕು ಬೆರಳಿನ ಸಂದು. ಮತ್ತೆ ಕರೆದುಕೊಂಡು ಹೋದ, ಮತ್ತೆ ಸುಟ್ಟಿತು. ಮತ್ತೆ ಸ್ಟ್ಯಾಂಡಿಗೆ ಏರಿಸಿ, ಸರಿಸಿ, ಅಳೆದ. ಸಂದು ಇದ್ದೇ ಇತ್ತು. ಮೂರನೆಯ ಸಲವೂ ಸುಟ್ಟಾಗ ಗೃಹಪ್ರವೇಶಕ್ಕೆ ಉಳಿದದ್ದು ಎರಡೇ ದಿನ.

"ನಿನಗೆ ಕಾಲಿಡುವುದೇ ಗೊತ್ತಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನೋಡಿಲ್ಲಿ, ನಾಲ್ಕು ಬೆರಳು!" ಎಂದು ಅವನು ರೇಗಿದ.

"ನಿಮ್ಮ ನಾಲ್ಕು ಬೆರಳು ನಾನು ಕೂರುವ ತನಕ ಅಷ್ಟೇ ರೀ. ಕೂತ ಮೇಲೆ ಒಂದು ದಿನವಾದರೂ ಬಗ್ಗಿ ನೋಡಿದ್ದೀರಾ? ನಾನು ಬಸ್ಸಿಗೆ ಹೋಗಿ ನಡೆದೇ ಹತ್ತುತ್ತೇನೆ. ಇನ್ನು ನಿಮ್ಮ ಹಿಂದೆ ಕೂರುವುದಿಲ್ಲ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಅವನು ಸ್ಪ್ಯಾನರು ಕೆಳಗಿಟ್ಟ. ಕೊಟ್ಟ ಮಾತು ಹಾಳಾಗಲಿ. ಇವಳೇ ಹಿಂದೆ ಕೂರದಿದ್ದರೆ ಆ ಗಾಡಿ ಓಡಿದರೂ ಏನು ಬಂತು? ತಪ್ಪಾಯಿತು, ಒಂದೇ ಒಂದು ಸಲ ಕೂತುಕೋ, ಗಾಡಿ ಓಡಿಸುವುದಿಲ್ಲ ಎಂದು ಬೇಡಿಕೊಂಡ.

ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಮುಂದಿನ ಚಕ್ರವನ್ನು ಗೋಡೆಗೆ ಒತ್ತಿ ನಿಲ್ಲಿಸಿದ. ತಾನು ಕೂರುವ ಜಾಗಕ್ಕೆ ಒಂದು ಅಕ್ಕಿ ಮೂಟೆ ಏರಿಸಿ ಕಟ್ಟಿದ. ಅವಳು ಜಗಲಿಯ ಕಂಬ ಹಿಡಿದುಕೊಂಡು ಹಿಂದೆ ಕೂತಳು. ಅವನು ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಮಲಗಿ ನೋಡಿದ.

ಭಾರಕ್ಕೆ ಗಾಡಿ ಕುಗ್ಗಿತು. ಗಾಡಿಯ ಮೈಯೊಂದಿಗೆ ಸೈಲೆನ್ಸರೂ ಇಳಿದು ಬಂದು ಅವಳ ಹಿಮ್ಮಡಿಗೆ ತಾಗಿ ನಿಂತಿತು. ಫುಟ್‌ರೆಸ್ಟ್ ಇದ್ದದ್ದು ಚಕ್ರ ಹಿಡಿಯುವ ತೋಳಿನ ಮೇಲೆ. ಅದು ಇದ್ದಲ್ಲೇ ಇತ್ತು. ನಾಲ್ಕು ಬೆರಳಿರಲಿ, ಒಂದು ಎಳೆ ಹುಲ್ಲಿಗೂ ಜಾಗವಿರಲಿಲ್ಲ.

"ಥೂ ನನ್ನ!" ಎಂದು ಅವನು ಹಣೆ ಚಚ್ಚಿಕೊಂಡ.

ಅವಳನ್ನು ಕೂರಿಸಿಕೊಂಡೇ, ಅವಳ ಪಾದ ಎಲ್ಲಿದ್ದರೆ ತಂಪು ಎಂದು ಕೇಳಿ ಕೇಳಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಹೊಸ ಪಟ್ಟಿ ಬಗ್ಗಿಸಿ, ಫುಟ್‌ರೆಸ್ಟನ್ನು ಮುಂದಕ್ಕೂ ಹೊರಕ್ಕೂ ತಂದು, ಗಾಡಿಯ ಮೈಗೇ ಬಿಗಿದ. ಇನ್ನು ಕುಗ್ಗಿದರೆ ಎರಡೂ ಜೊತೆಗೇ ಕುಗ್ಗಬೇಕು. ಆಮೇಲೆ ಊರೆಲ್ಲ ಒಂದು ಸುತ್ತು ಸುತ್ತಿಸಿ ತಂದ. ಅವಳು ತುಟಿ ಪಿಟಕ್ಕೆನ್ನಲಿಲ್ಲ, ಇಳಿದವಳೇ ನಕ್ಕುಬಿಟ್ಟಳು.

ಗೃಹಪ್ರವೇಶದ ದಿನ ಬಸ್ಸಿಳಿದ ನೆಂಟರೆಲ್ಲ ಏದುಸಿರು ಬಿಡುತ್ತ ಘಾಟಿ ಹತ್ತುತ್ತಿದ್ದರು. ಅವರ ನಡುವಿನಿಂದ ಗಾಡಿ ಗುಡುಗುಡು ಎಂದು ಏರಿತು. ಹಿಂದೆ ರೇಷ್ಮೆ ಸೀರೆಯವಳು ಹಣ್ಣಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಣಿಯ ಹಾಗೆ ಕೂತಿದ್ದಳು. ನಡೆಯುತ್ತಿದ್ದ ಮುದುಕರೂ ಸಿಳ್ಳೆ ಹಾಕಿದರು. ಕಡಿದಾದ ಕೊನೆಯ ತಿರುವೂ ಹಿಂದೆ ಬಿತ್ತು. ತೋರಣ ಕಟ್ಟಿದ ಬಾಗಿಲಲ್ಲಿ ಅಣ್ಣ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವಳು ಇಳಿದು, ತಟ್ಟೆಯನ್ನು ಅವನ ಕೈಗಿಟ್ಟು, ಸೀರೆಯ ಅಂಚನ್ನು ಒಂದಿಷ್ಟು ಎತ್ತಿ ಹಿಮ್ಮಡಿ ತೋರಿಸಿದಳು. ಹಳೆಯ ಮೂರು ಕಲೆ ಬಿಟ್ಟರೆ ಹೊಸದೊಂದೂ ಇರಲಿಲ್ಲ. ನೆರೆದವರು ಚಪ್ಪಾಳೆ ತಟ್ಟಿದರು. ಮೆಕ್ಯಾನಿಕ್ಕನಿಗೆ ಆ ಹೊತ್ತು ಘಟ್ಟವೇ ಕಾಲ ಕೆಳಗಿದ್ದಂತಾಯಿತು.

ಶಿಷ್ಯನಿಗೆ ಕತೆ ಹಿಡಿಸಿತು. "ಭಲೇ ಮೆಕ್ಯಾನಿಕ್!" ಎಂದು ತೊಡೆ ತಟ್ಟಿ ನಕ್ಕ. "ಹಾಗಾದರೆ ನಾನು ಬೋಧನೆಗೆ ಹೊರಡಬಹುದಲ್ಲ?"

"ನೀನು ಅಳೆದಿರುವುದೂ ಯಾರೂ ಕೂರದ ಗಾಡಿಯ ಸಂದೇ. ನಾಳೆಯಿಂದ ದಾಸೋಹದ ಪಂಕ್ತಿಗೆ ನೀನೇ ಬಡಿಸು, ಸಾವಿರ ಜನ ಒಟ್ಟಿಗೇ ಸಾರು ಕೇಳಲಿ, ಆಮೇಲೆ ಬಂದು ಹೇಳು, ಕೋಪ ಗೆದ್ದೆಯೋ ಇಲ್ಲವೋ" ಎಂದರು ಗುರುಗಳು.