ಹಲ್ಲಿ ಹೇಳಿದ ಸಾಕ್ಷಿ

ಕಾವಿಗೆ ಕೂತ ಕೋಳಿಯ ಹತ್ತಿರ ಕಾಗೆ ಬಂದು ಹೇಳಿತು: “ಅಕ್ಕಾ, ಎದ್ದೇಳು. ನಿನ್ನ ಮೊಟ್ಟೆಯನ್ನೆಲ್ಲ ಯಜಮಾನ ತಿಂದಾಯ್ತು. ಇವು ಸುಣ್ಣದ ಉಂಡೆ. ಹದ್ದು ಕಣ್ಣಾರೆ ನೋಡಿತಂತೆ, ಹೆಗ್ಗಣ ನನಗೆ ಹೇಳಿತು.”

“ಒಳಗೆ ಕುಟುಕುಟು ಸದ್ದು ಬರ್ತಿದೆಯಲ್ಲೋ?” ಅಂತು ಕೋಳಿ.

“ಸದ್ದು ಬರೋ ಹಾಗೆ ಮಾಡಿಟ್ಟಿದ್ದಾನೆ. ಇಲ್ಲದಿದ್ದರೆ ನೀನು ಮೋಸ ಹೋಗ್ತಿದ್ದೆಯಾ?”

ಆಗಲೇ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು.

“ಮಾತಿನ ನಡುವೆ ಹಲ್ಲಿ ನುಡಿಯಿತು. ಹಾಗಾದರೆ ನಿಜ!” ಎಂದು ಕೋಳಿ ದಡಕ್ಕನೆ ಎದ್ದಿತು.

“ನಾನು ಸೊಳ್ಳೆಗೆ ಬಾಯಿ ಹಾಕಿದೆ ಕಣಮ್ಮಾ. ಸಿಗಲಿಲ್ಲ,” ಅಂತು ಹಲ್ಲಿ.

“ನೋಡಿದೆಯಾ? ಪಾಪ, ಅದನ್ನೂ ಯಾರೋ ಹೆದರಿಸಿದ್ದಾರೆ,” ಅಂತು ಕಾಗೆ.

ಮೊಟ್ಟೆಗಳು ತಣ್ಣಗಾಗುತ್ತ ಬಂದವು. ಒಂದು ಬಿರುಕು ಬಿಟ್ಟಿತು. ಒದ್ದೆ ಮರಿ ತಲೆ ಹೊರಗಿಟ್ಟು, “ಅಮ್ಮಾ, ಚಳಿ. ರೆಕ್ಕೆ ಒಳಗೆ ತಗೋ,” ಅಂತು.

ಕೋಳಿ ರೆಕ್ಕೆಯನ್ನು ಅರ್ಧ ಬಿಚ್ಚಿ, ಗೋಡೆಯ ಕಡೆ ಕತ್ತೆತ್ತಿತು.

“ತಡಿ ಮಗಾ. ನೀನು ಮರಿ ಹೌದೋ ಅಲ್ಲವೋ, ಹಲ್ಲಿ ಒಂದು ಸಲ ನುಡಿಯಲಿ.”

ಹಲ್ಲಿ ನುಡಿಯಲಿಲ್ಲ. ಅಷ್ಟರಲ್ಲಿ ಅದಕ್ಕೆ ಸೊಳ್ಳೆ ಸಿಕ್ಕಿತ್ತು. ಬಾಯಿ ತುಂಬಿತ್ತು.