ಉಣ್ಣದ ನೆಂಟ

ಒಬ್ಬ ಹೆಂಗಸಿನ ಗರ್ಭಕಂಠದ ತಳದಲ್ಲಿ ಎರಡು ಜೀವಕೋಶಗಳು ಅಕ್ಕತಂಗಿಯರಂತೆ ಅಕ್ಕಪಕ್ಕದಲ್ಲಿ ಸಂಸಾರ ಹೂಡಿದ್ದವು. ಹೆತ್ತ ಮಕ್ಕಳು ಬೆಳೆದು, ಮೇಲಕ್ಕೇರಿ, ಹೊತ್ತು ಬಂದಾಗ ಉದುರಿಹೋಗುವುದು ಅಲ್ಲಿಯ ಕಟ್ಟಳೆ. ಆದರೆ ತಂಗಿಯ ಮಕ್ಕಳು ಉದುರದೆ ಮನೆಯಲ್ಲೇ ಗುಂಪುಗೂಡತೊಡಗಿದವು. ಅಕ್ಕನಿಗೆ ಅನುಮಾನ ಬಂತು.

"ನಿನ್ನ ಮನೆಗೆ ಯಾರು ಬಂದಿದ್ದಾರೆ, ತಂಗಿ?"

"ಎಚ್‌ಪಿವಿ ಅಂತ ಒಬ್ಬ ವೈರಸ್, ಅಕ್ಕ. ಕೈಮೇಲೆ ನರಹುಲಿ ಎಬ್ಬಿಸುವವರ ದಾಯಾದಿಯಂತೆ. ಬಲು ಸಾಧು. ಊಟ ಕೇಳುವುದಿಲ್ಲ, ನೋವು ಕೊಡುವುದಿಲ್ಲ."

"ಉಣ್ಣಲು ಬಂದ ನೆಂಟ ಉಂಡು ಹೋಗುತ್ತಾನೆ. ಉಣ್ಣದವನ ಕಣ್ಣು ಮನೆಯ ಮೇಲೇ ಇರುತ್ತದೆ. ಮಕ್ಕಳಿಗೆ ಏನು ಹೇಳಿಕೊಟ್ಟ?"

"ಸಾಯಬೇಡಿ ಅಂದ. ಯಾವ ತಾಯಿಗೆ ಬೇಡ? ನಿನಗೆ ಹೊಟ್ಟೆಕಿಚ್ಚು!"

"ಸಾಯದವರು ಹೀಗೇ ಹೆಚ್ಚಿದರೆ ಅದನ್ನು ಕ್ಯಾನ್ಸರ್ ಅನ್ನುತ್ತಾರೆ ಕಣೆ. ಆಮೇಲೆ ನಮ್ಮನ್ನು ಹೊತ್ತವಳೇ ಉಳಿಯುವುದಿಲ್ಲ."

ಅಷ್ಟರಲ್ಲಿ, ಕ್ಯಾನ್ಸರ್ ಪತ್ತೆಯ ಪರೀಕ್ಷೆಗೆಂದು ಜೀವಕೋಶಗಳನ್ನು ಸವರಿ ಒಯ್ಯುವ ವೈದ್ಯರ ಬ್ರಶ್ಶು ಬಾಗಿಲಿಗೆ ಬಂತು. "ಸುಮ್ಮನಿರಕ್ಕ, ಮಾನ ಹೋಗುತ್ತದೆ," ಎಂದು ತಂಗಿ ಪಿಸುಗುಟ್ಟಿದಳು.

"ಮನೆಯೇ ಹೋದಮೇಲೆ ಮಾನವನ್ನು ಎಲ್ಲಿಡುತ್ತೀಯೆ?" ಎಂದ ಅಕ್ಕ ಗಟ್ಟಿಯಾಗಿ ಕೂಗಿದಳು: "ಇತ್ತ ಬಾರಪ್ಪ! ಈ ಮನೆಯ ಮಕ್ಕಳಲ್ಲಿ ನಾಲ್ಕನ್ನು ಕರೆದೊಯ್ದು ನೋಡು. ಯಾರ ಹೋಲಿಕೆ ಎಂದು ತಿಳಿಯುತ್ತದೆ."

ಬ್ರಶ್ಶು ಹತ್ತಿರ ಬಂದದ್ದೇ ತಡ, ಸಾಧುವಾಗಿದ್ದ ನೆಂಟ ಮೊದಲ ಸಲ ಗದರಿದ:

"ನನ್ನ ಮನೆಗೆ ಅವನನ್ನು ಕರೆದವರು ಯಾರು?"

ತಂಗಿ ಮೆಲ್ಲಗೆ ಅವನತ್ತ ತಿರುಗಿದಳು.

"ಯಾರ ಮನೆ ಅಂದೆ?"