ಅಳಿಲು ಕಡಲೆಕಾಯಿ ಇಟ್ಟ ಜಾಗ

ಕಲಿಯಲೆಂದು ಹೊಸ ಕಾಡಿಗೆ ಬಂದ ಎಳೆಯ ಅಳಿಲೊಂದು, ಮಳೆಗಾಲಕ್ಕೆಂದು ತಾಯಿ ಕಟ್ಟಿಕೊಟ್ಟ ಕಡಲೆಕಾಯಿಯನ್ನು ಇಡಲು ಜಾಗ ಹುಡುಕಿತು. ಅಲ್ಲಿ ಬೇರೆಯವರ ಕಾಳುಕಡಿ ಕಾಪಾಡುವವರು ಇಬ್ಬರಿದ್ದರು.

"ನನ್ನ ಬಿಲ ಮುತ್ತಜ್ಜನ ಕಾಲದ್ದು," ಎಂದಿತು ಹೆಗ್ಗಣ. "ಕಾಯಿ ಬೇಕಾದರೆ ಮಧ್ಯಾಹ್ನದೊಳಗೆ ಬಾ. ಗುರುತು ಹೇಳಲು ಹಿರಿಯರೊಬ್ಬರನ್ನು ಕರೆತಾ."

ಗೊರವಂಕ ನಕ್ಕಿತು. "ಈ ಕಾಲದಲ್ಲಿ ಬಿಲದ ಮುಂದೆ ಯಾರು ನಿಲ್ಲುತ್ತಾರೆ? ಎಲ್ಲಿಂದಾದರೂ ಕೂಗು, ಕಾಯಿ ನೀನಿದ್ದಲ್ಲಿಗೇ ಬರುತ್ತದೆ."

ಅಳಿಲು ಇಬ್ಬರ ಬಳಿಯೂ ಒಂದೊಂದೇ ಕಾಯಿ ಇಟ್ಟು ನೋಡಿತು. ಹಸಿವಾದಾಗ ಮೊದಲು ಗೊರವಂಕವನ್ನು ಕೂಗಿತು. "ನಿನ್ನ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯುತ್ತಿರು," ಎಂದು ಎಲೆಗಳ ಮರೆಯಿಂದ ಇಂಪಾದ ದನಿ ಬಂತು. ಸಂಜೆಯವರೆಗೂ ದನಿಯೇ ಬಂತು, ಕಾಯಿ ಬರಲಿಲ್ಲ. ಯಾವ ಮರದಲ್ಲಿ ಹುಡುಕಿದರೂ ಗೊರವಂಕ ಸಿಗಲಿಲ್ಲ.

ಮರುದಿನ ಅಳಿಲು ಬಿಲಕ್ಕೆ ಹೋಯಿತು. ಹೆಗ್ಗಣ ಆಕಳಿಸಿತು, ಬೈದಿತು, ನಾಳೆ ಬಾ ಎಂದಿತು. ಅಳಿಲು ಬಾಗಿಲಲ್ಲೇ ಕೂತು ಕಿರುಚತೊಡಗಿದಾಗ ಗೊಣಗುತ್ತ ಕಾಯಿಯನ್ನು ಹೊರಗೆಸೆಯಿತು.

ಅಳಿಲು ಉಳಿದ ಕಾಯಿಯನ್ನೆಲ್ಲ ತಂದು ಅಲ್ಲೇ ಇಟ್ಟಿತು.

"ಕೊನೆಗೂ ಹಳಬರ ಮೇಲೆ ನಂಬಿಕೆ ಬಂತಲ್ಲ," ಎಂದು ಹೆಗ್ಗಣ ಬೀಗಿತು.

"ನಂಬಿಕೆಯಲ್ಲ ಹೆಗ್ಗಣರಾಯರೇ," ಎಂದಿತು ಅಳಿಲು. "ಜಗಳವಾಡಲು ಇಲ್ಲಿ ಒಂದು ಬಾಗಿಲಾದರೂ ಇದೆ."